ಮೆಕ್ಯಾನಿಕ್‌ನ ಮಾತು ಎಲ್ಲಿ ಹೋಯಿತು?

ನಮಸ್ಕಾರ.

ಶಿಕಾಗೊದ ಜ್ಯೂರಿ ಕೋಣೆಯಲ್ಲಿ, ಅಂದರೆ ಕೋರ್ಟಿನ ಕೇಸು ತೀರ್ಮಾನಿಸಲು ಕರೆಸಿದ ಸಾಮಾನ್ಯ ಜನ ಕೂತು ಚರ್ಚಿಸುವ ಕೋಣೆಯಲ್ಲಿ, ನಡೆಯುವ ನಿಮ್ಮ ಕತೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಲು ನನಗೆ ಮನಸ್ಸಿಲ್ಲ.

1950ರ ದಶಕ, ಕಾರು ಅಪಘಾತದ ಪರಿಹಾರದ ಕೇಸು, ಮೇಜಿನ ಸುತ್ತ ಹನ್ನೆರಡು ಜನ. ಅಲ್ಲಿಯವರೆಗೆ ಚೆನ್ನಾಗಿದೆ. ಆಮೇಲೆ ಫ್ಯಾಕ್ಟರಿ ಮಾಲೀಕ ಎದ್ದು ಎರಡು ಪುಟ ಭಾಷಣ ಬಿಗಿಯುತ್ತಾನೆ, 'ನಾನು ಯಾರು ಗೊತ್ತಾ' ಅನ್ನುತ್ತಾನೆ, ಎಲ್ಲರೂ ಹೆದರಿ ಒಪ್ಪುತ್ತಾರೆ. ನಾನು ನಂಬಲಿಲ್ಲ. ಅಷ್ಟು ಜೋರು ಮಾಡಿದರೆ ಯಾರಾದರೂ ತಿರುಗಿ ಬೀಳುತ್ತಾರೆ, ಅಲ್ವಾ? ಅಂತಸ್ತಿಗೆ ಗದರುವ ಅಗತ್ಯವೇ ಬರುವುದಿಲ್ಲ.

ಅದೇ ಊರಲ್ಲಿ, ಅದೇ ಕಾಲದಲ್ಲಿ, ಶಿಕಾಗೊ ವಿಶ್ವವಿದ್ಯಾಲಯದವರು ಜ್ಯೂರಿಯಲ್ಲಿ ಅಂತಸ್ತು ಹೇಗೆ ಕೆಲಸ ಮಾಡುತ್ತದೆ ಅಂತ ಪರೀಕ್ಷಿಸಿ ನೋಡಿದ್ದರು. ನಿಜವಾದ ಜ್ಯೂರಿ ಪಟ್ಟಿಯಲ್ಲಿದ್ದವರನ್ನೇ ಕರೆಸಿ, ರೆಕಾರ್ಡ್ ಮಾಡಿದ ವಿಚಾರಣೆ ಕೇಳಿಸಿ, ನೀವೇ ತೀರ್ಮಾನ ಮಾಡಿ ಅಂತ ಬಿಟ್ಟರು. ಅಲ್ಲಿನ ಸಂಶೋಧಕ ಫ್ರೆಡ್ ಸ್ಟ್ರಾಡ್ಟ್‌ಬೆಕ್ ಮತ್ತು ಸಂಗಡಿಗರ ವರದಿ ಬಂದಿದ್ದು 1957ರಲ್ಲಿ. ಉದ್ದಿಮೆ ಮಾಲೀಕರು ಕೂಲಿ ಕೆಲಸದವರಿಗಿಂತ ಜಾಸ್ತಿ ಮಾತಾಡಿದ್ದರು, ಗಂಡಸರು ಹೆಂಗಸರಿಗಿಂತ ಜಾಸ್ತಿ. ಫೋರ್‌ಮನ್, ಅಂದರೆ ಜ್ಯೂರಿಯ ಮುಖ್ಯಸ್ಥ, ಆಗುವುದರಲ್ಲೂ ಮಾಲೀಕರೇ ಮುಂದು. ಮೇಜಿನ ತುದಿಯ ಕುರ್ಚಿಯಲ್ಲಿ ಕೂತವರಿಗೆ ಆ ಸ್ಥಾನ ಸಿಗುವುದು ಜಾಸ್ತಿ ಅಂತ 1961ರ ಇನ್ನೊಂದು ವರದಿ ಹೇಳಿತು. ನಿಮ್ಮ ಮಾಲೀಕನನ್ನು ಎಲ್ಲಿ ಕೂರಿಸಿದ್ದೀರಿ? ಕತೆಯಲ್ಲಿ ಹೇಳಿಯೇ ಇಲ್ಲ.

ಭಾಷಣ ಪೂರ್ತಿ ತೆಗೆಯಿರಿ. ಕತೆ ಇರುವುದು ನಾಲ್ಕನೇ ಪುಟದಲ್ಲಿ. ಗ್ಯಾರೇಜಿನ ಮೆಕ್ಯಾನಿಕ್ ಬ್ರೇಕಿನ ವಿಷಯ ಎತ್ತುವ ಮೊದಲು 'ನಾನೇನು ಓದಿದವನಲ್ಲ' ಅನ್ನುತ್ತಾನೆ. ಇಪ್ಪತ್ತು ವರ್ಷ ಬ್ರೇಕ್ ಬಿಚ್ಚಿ ಜೋಡಿಸಿದವನು! ಆ ಕೋಣೆಯಲ್ಲಿ ಬ್ರೇಕ್ ಬಗ್ಗೆ ಗೊತ್ತಿರುವವನು ಅವನೊಬ್ಬನೇ. ಅವನೇ ಕ್ಷಮೆ ಕೇಳುವವನ ಹಾಗೆ ಶುರುಮಾಡುತ್ತಾನೆ. ಓದುವಾಗ ನನ್ನ ಕರುಳು ಚುರುಕ್ ಅಂದಿತು. ನೀವು ಮಾತ್ರ ಸುಮ್ನೆ ದಾಟಿಬಿಟ್ಟಿದ್ದೀರಿ.

ಅಲ್ಲಿ ನಿಲ್ಲಿ. ಅವನು ಮಾತಾಡುವಾಗ ಒಬ್ಬರು ಕಿಟಕಿ ತೆರೆಯಲು ಏಳಲಿ. ಮಾಲೀಕ ಮೆಲ್ಲಗೆ 'ಒಂದು ನಿಮಿಷ' ಅನ್ನಲಿ. ಮೆಕ್ಯಾನಿಕ್ ಮಾತನ್ನು ಅರ್ಧಕ್ಕೇ ನುಂಗಲಿ. ಮಾಲೀಕ ಕೆಟ್ಟವನಾಗಬೇಕಿಲ್ಲ, ನಗುನಗುತ್ತಲೇ ಮತದ ಚೀಟಿ ಹಂಚಲಿ. ಕೊನೆಗೆ ಮೆಕ್ಯಾನಿಕ್ ತನಗೆ ಗೊತ್ತಿದ್ದದ್ದಕ್ಕೆ ವಿರುದ್ಧವಾಗಿ ತಾನೇ ಚೀಟಿ ಬರೆಯಲಿ.

ಇನ್ನೊಂದು. ಟೈಪಿಸ್ಟ್ ಹೆಂಗಸು ಒಂದೇ ಒಂದು ಸಲ ಮಾತಾಡಿ ಮಾಯವಾಗಿದ್ದಾರೆ. ಮೆಕ್ಯಾನಿಕ್‌ನ ಪಕ್ಕದಲ್ಲೇ ಕೂತಿದ್ದವರು ಅವರು. ಆ ಅರ್ಧ ಮಾತು ಅವರಿಗೆ ಕೇಳಿಸಿದೆ ಅಂದುಕೊಳ್ಳಿ. ಅವರು ಏನು ಮಾಡುತ್ತಾರೆ? ಬರೆದು ಕಳಿಸಿ, ಕಾಯುತ್ತಿರುತ್ತೇನೆ.