ಸೂಪರ್‌ವೈಸರ್ ಆಗಲಾ, ಲೈನಿನವರ ಜೊತೆ ನಿಲ್ಲಲಾ?

ಪ್ರಶ್ನೆ: ಅಕ್ಕಾ, ನನಗೆ 36 ವರ್ಷ. ದಾವಣಗೆರೆ ಹತ್ತಿರದ ಒಂದು ಗಾರ್ಮೆಂಟ್ಸ್‌ನಲ್ಲಿ ಏಳು ವರ್ಷದಿಂದ ಟೈಲರ್. ಹೋದ ತಿಂಗಳು ನಮ್ಮ ಲೈನಿನ ಒಬ್ಬ ಹುಡುಗಿ ಎರಡನೇ ಸಲ ಬಾತ್‌ರೂಮಿಗೆ ಹೋದಳು ಅಂತ ಎಲ್ಲರ ಎದುರು ಹೊಲಸು ಮಾತಿನಲ್ಲಿ ಬೈದರು. ನಾನು ಎದ್ದು ಹೋಗಿ ಅವಳ ಪಕ್ಕ ನಿಂತೆ, ಅಷ್ಟೇ. ಆ ಭಾನುವಾರ ಹತ್ತು ಹನ್ನೆರಡು ಜನ ನಮ್ಮ ಮನೆಗೆ ಬಂದು, ‘ಯೂನಿಯನ್ ಮಾಡೋಣ, ನೀನೇ ಮುಂದೆ ನಿಲ್ಲು’ ಅಂದರು. ಬುಧವಾರ ಫ್ಲೋರ್ ಇನ್‌ಚಾರ್ಜ್ ಕರೆದು, ‘ನಿನ್ನನ್ನು ಸೂಪರ್‌ವೈಸರ್ ಮಾಡ್ತೀವಿ, ಮೂರು ಸಾವಿರ ಜಾಸ್ತಿ’ ಅಂದರು. ಗಂಡ ಎಪಿಎಂಸಿಯಲ್ಲಿ ಹಮಾಲಿ. ಸೊಂಟ ಹಿಡಿದು ಎರಡು ತಿಂಗಳಿಂದ ಮನೆಯಲ್ಲಿದ್ದಾರೆ. ಮಗಳು ಸೆಕೆಂಡ್ ಪಿಯುಸಿ. ವಾರ ವಾರ ಮಹಿಳಾ ಸಂಘದ ಕಂತು ಕಟ್ಟಬೇಕು. ಅತ್ತೆ, ‘ನಿಮ್ಮ ಮಾವ ಯೂನಿಯನ್ ಅಂತ ಓಡಾಡಿದರು, ಕೊನೆಗೆ ಮಿಲ್ಲೇ ಮುಚ್ಚಿತು. ಮುಷ್ಕರದಲ್ಲಿ ಮನೆ ಮನೆ ತಿರುಗಿ ಅಕ್ಕಿ ಎತ್ತಿದವಳು ನಾನು, ನನಗೆ ಗೊತ್ತು’ ಅನ್ನುತ್ತಾರೆ. ನಾನು ಏನು ಮಾಡಲಿ?

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಂಡಿದ್ದು ಭಾನುವಾರ ಮತ್ತು ಬುಧವಾರ. ನಡುವೆ ಬರೀ ಎರಡು ದಿನ. ಏಳು ವರ್ಷದಲ್ಲಿ ಬಾರದ ಪ್ರಮೋಷನ್ ಅಷ್ಟರಲ್ಲಿ ಬಂತು ಅಂದರೆ, ಮನೆಗೆ ಬಂದವರ ಸುದ್ದಿ ಆಫೀಸಿಗೆ ಹೋಗಿದೆ. ನಿಮ್ಮ ಕೆಲಸ ಚೆನ್ನಾಗಿಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಅವರು ಕೊಡುತ್ತಿರುವ ಮೂರು ಸಾವಿರ ನಿಮ್ಮ ಹೊಲಿಗೆಗೆ ಬಂದಿದ್ದಲ್ಲ. ನೀವು ಆ ಹುಡುಗಿಯ ಪಕ್ಕ ಎದ್ದು ನಿಂತಿದ್ದಕ್ಕೆ ಹೆದರಿ ಕೊಡುತ್ತಿರುವುದು.

ಈಗ ಅದನ್ನು ತೆಗೆದುಕೊಳ್ಳಬೇಡಿ ಅನ್ನುವುದು ನನ್ನ ಅಭಿಪ್ರಾಯ. ತೆಗೆದುಕೊಂಡರೆ ತಪ್ಪು ಅಂತಲೂ ಹೇಳಲಾರೆ. ಮನೆಯಲ್ಲಿ ದುಡಿಯುವ ಕೈ ಒಂದೇ ಆದಾಗ ಮೂರು ಸಾವಿರ ಅಂದರೆ ಏನು ಅಂತ ಗೊತ್ತು. ನಿಮಗೆ ಬೇರೆ ದಾರಿಯೇ ಇಲ್ಲ ಅನ್ನಿಸಿದರೆ, ಮೊದಲು ನಿಮ್ಮ ಮನೆಗೆ ಬಂದವರಿಗೆ ನೀವೇ ಬಾಯಿಬಿಟ್ಟು ಹೇಳಿ. ಇನ್ನೊಬ್ಬರ ಬಾಯಿಂದ ಕೇಳಿದರೆ ಅವರ ಮನಸ್ಸು ಮುರಿಯುತ್ತದೆ. ಆಮೇಲೆ ಆ ಲೈನಿನಲ್ಲಿ ಯಾರೂ ಯಾರನ್ನೂ ನಂಬುವುದಿಲ್ಲ.

ಇದರಲ್ಲಿ ಕಾನೂನಿನ ಒಂದು ಮಾತೂ ಇದೆ. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, ಮೇಲ್ವಿಚಾರಣೆ ಕೆಲಸ ಮಾಡುವವರ ಸಂಬಳ ತಿಂಗಳಿಗೆ 18,000 ರೂಪಾಯಿ ದಾಟಿದರೆ ಅವರು ‘ಕಾರ್ಮಿಕ’ ಅನ್ನುವ ಲೆಕ್ಕಕ್ಕೆ ಬರುವುದಿಲ್ಲ. ನಾಳೆ ನಿಮ್ಮನ್ನೇ ತೆಗೆದರೆ ಟೈಲರ್‌ಗೆ ಇರುವ ರಕ್ಷಣೆ ನಿಮಗೆ ಇರುವುದಿಲ್ಲ. ಸಂಬಳ ಎಷ್ಟಾಗುತ್ತದೆ, ಕೆಲಸ ಏನು ಅಂತ ಬರವಣಿಗೆಯಲ್ಲಿ ಕೊಡಲು ಕೇಳಿ. ಕೊಡಲು ಹಿಂದೆ ಮುಂದೆ ನೋಡಿದರೆ ಅದೇ ಉತ್ತರ ಅಂತ ತಿಳಿಯಿರಿ.

ನಿಮ್ಮವರ ಸೊಂಟದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮ ಸಂಬಳದಲ್ಲಿ ಇಎಸ್‌ಐಗೆ, ಅಂದರೆ ಕಾರ್ಮಿಕರ ವಿಮೆಗೆ, 0.75 ಪರ್ಸೆಂಟ್ ಹಿಡಿಯುತ್ತಿದ್ದರೆ ಆ ಕಾರ್ಡಿನಲ್ಲಿ ನಿಮ್ಮ ಗಂಡನಿಗೂ ಚಿಕಿತ್ಸೆ ಸಿಗುತ್ತದೆ. ದಾವಣಗೆರೆಯಲ್ಲೇ ಇಎಸ್‌ಐ ಆಸ್ಪತ್ರೆ ಇದೆ. ಅವರ ಹೆಸರು ಸೇರಿಸಿದ್ದಾರಾ ನೋಡಿ, ಇಲ್ಲದಿದ್ದರೆ ಇದೇ ವಾರ ಸೇರಿಸಿ. ಎರಡು ತಿಂಗಳಿಂದ ಕೈಯಿಂದ ದುಡ್ಡು ಕೊಟ್ಟು ಮಾತ್ರೆ ತರುತ್ತಿದ್ದೀರೋ ಏನೋ ಅನ್ನುವುದು ನನ್ನ ಚಿಂತೆ.

ಇನ್ನು ‘ಮುಂದೆ ನಿಲ್ಲು’ ಅಂದವರ ಮಾತು. ಅವರು ಪ್ರೀತಿಯಿಂದಲೇ ಹೇಳಿದ್ದಾರೆ. ಆದರೂ ಒಬ್ಬಳೇ ಮುಂದೆ ನಿಲ್ಲಬೇಡಿ. ಒಬ್ಬರು ಮುಂದಿದ್ದರೆ ಅವರನ್ನು ತೆಗೆಯುವುದು ಸುಲಭ, ಕೊಂಡುಕೊಳ್ಳುವುದೂ ಸುಲಭ. ಬುಧವಾರ ನಡೆದಿದ್ದು ಅದೇ ಅಲ್ವಾ? ಪ್ರತಿ ಲೈನಿನಲ್ಲೂ ಒಬ್ಬಳು, ಚೆಕಿಂಗ್‌ನಲ್ಲಿ ಒಬ್ಬಳು, ಹೆಲ್ಪರ್‌ಗಳಲ್ಲಿ ಒಬ್ಬಳು ಇರುವ ತನಕ ಯೂನಿಯನ್ ಅನ್ನುವ ಪದವನ್ನೂ ಫ್ಲೋರಿನಲ್ಲಿ ಎತ್ತಬೇಡಿ.

ಅವರನ್ನು ಹೇಗೆ ಹುಡುಕುವುದು? ದುಗ್ಗಮ್ಮನ ಜಾತ್ರೆ ಬಂದಾಗ ನಿಮ್ಮ ಓಣಿಯಲ್ಲಿ ಪಟ್ಟಿ ಎತ್ತುವವರನ್ನು ನೆನಪಿಸಿಕೊಳ್ಳಿ. ಯಾರ ಮನೆಯಲ್ಲಿ ಕಷ್ಟ ಇದೆ, ಯಾರು ಸಿಡುಕುತ್ತಾರೆ, ಯಾರ ಹತ್ತಿರ ಯಾರು ಹೋಗಿ ಕೇಳಿದರೆ ಇಲ್ಲ ಅನ್ನುವುದಿಲ್ಲ, ಎಲ್ಲ ಅವರಿಗೆ ಗೊತ್ತಿರುತ್ತದೆ. ಫ್ಯಾಕ್ಟರಿಯಲ್ಲೂ ಅಂಥವರು ಇರುತ್ತಾರೆ. ಜೋರಾಗಿ ಮಾತಾಡುವವರೇ ಅವರು ಅಂದುಕೊಳ್ಳಬೇಡಿ. ಯಾರಿಗಾದರೂ ಜ್ವರ ಬಂದರೆ ಅವಳ ಪೀಸ್ ಹೊಲಿದು ಕೊಡುವವಳು ಯಾರು, ಜಗಳ ಆದರೆ ಎಲ್ಲರೂ ಯಾರ ಮುಖ ನೋಡುತ್ತಾರೆ, ಅದನ್ನು ಗಮನಿಸಿ. ನಿಮ್ಮ ಲೈನಿನಲ್ಲಿ ಅದು ನೀವು. ಉಳಿದ ಲೈನುಗಳಲ್ಲಿ ಯಾರು?

ಮಾತಾಡಲು ವ್ಯಾನ್ ಒಳ್ಳೆಯ ಜಾಗ, ಮನೆ ಇನ್ನೂ ಒಳ್ಳೆಯದು. ಒಂದೊಂದೇ ಮನೆ, ಒಂದೊಂದು ಲೋಟ ಟೀ. ನೀವು ಕಮ್ಮಿ ಮಾತಾಡಿ, ಜಾಸ್ತಿ ಕೇಳಿಸಿಕೊಳ್ಳಿ. ‘ಇಲ್ಲಿ ಒಂದೇ ಒಂದು ಬದಲಾಗಬೇಕು ಅಂದರೆ ಯಾವುದು?’ ಅಂತ ಕೇಳಿ ಸುಮ್ನೆ ಕೂತುಬಿಡಿ. ವಾಟ್ಸಾಪ್ ಗ್ರೂಪ್ ಮಾತ್ರ ಬೇಡ. ಅದರ ಸ್ಕ್ರೀನ್‌ಶಾಟ್ ಊಟದ ಬೆಲ್ ಆಗುವಷ್ಟರಲ್ಲಿ ಎಚ್‌ಆರ್ ಟೇಬಲ್ ಮೇಲೆ ಇರುತ್ತದೆ.

ಮೊದಲ ಬೇಡಿಕೆ ಚಿಕ್ಕದಿರಲಿ. ಸಂಬಳದ ಮಾತು ಆಮೇಲೆ. ಬಾತ್‌ರೂಮಿಗೆ ಹೋಗಲು ಯಾರನ್ನೂ ತಡೆಯಬಾರದು, ಯಾರೂ ಹೊಲಸು ಮಾತು ಆಡಬಾರದು, ಇಷ್ಟೇ. ಇದಕ್ಕೆ ಮಾಲೀಕರ ದುಡ್ಡು ಖರ್ಚಾಗುವುದಿಲ್ಲ, ಆದ್ದರಿಂದ ಗೆಲ್ಲುವ ಸಾಧ್ಯತೆ ಹೆಚ್ಚು. ಒಮ್ಮೆ ಗೆದ್ದರೆ ಹೆದರಿ ದೂರ ನಿಂತವರೂ ಹತ್ತಿರ ಬರುತ್ತಾರೆ. ಅರ್ಜಿ ಬರೆದು ಸಹಿ ಹಾಕುವಾಗ ಒಂದರ ಕೆಳಗೆ ಒಂದು ಹಾಕಬೇಡಿ. ಬಳೆಯ ಹಾಗೆ ದುಂಡಗೆ ಸುತ್ತಲೂ ಹಾಕಿ. ಮೊದಲ ಹೆಸರು ಯಾರದು ಅಂತ ಯಾರಿಗೂ ಗೊತ್ತಾಗಬಾರದು. ಕೊಡಲು ಬೇರೆ ಬೇರೆ ಲೈನಿನ ಹತ್ತು ಜನ ಒಟ್ಟಿಗೆ ಹೋಗಿ. ಆ ಹುಡುಗಿಗೆ ಆಡಿದ ಮಾತು ಹೆಣ್ಣು ಅನ್ನುವ ಕಾರಣಕ್ಕೆ ಆಡಿದ ಅಶ್ಲೀಲ ಮಾತಾಗಿದ್ದರೆ ಅವಳಿಗೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಇದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರು ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ದೂರನ್ನು ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ಕೊಡಬೇಕು. ಒಂದು ತಿಂಗಳು ಆಗಲೇ ಹೋಗಿದೆ. ಆದರೆ ಕೊಡುವುದೋ ಬಿಡುವುದೋ ಅವಳ ನಿರ್ಧಾರ, ನಿಮ್ಮದಲ್ಲ.

ಯೂನಿಯನ್ ನೋಂದಣಿಗೆ ಏಳು ಜನ ಅರ್ಜಿ ಹಾಕಿದರೆ ಸಾಕು ಅಂತ ಯಾರಾದರೂ ಹೇಳುತ್ತಾರೆ. ಅದು ನಿಜ, ಆದರೆ ಪೂರ್ತಿ ನಿಜವಲ್ಲ. ಕೆಲಸಗಾರರಲ್ಲಿ ನೂರಕ್ಕೆ ಹತ್ತು ಜನ ಅಥವಾ ಒಟ್ಟು 100 ಜನ, ಇದರಲ್ಲಿ ಯಾವುದು ಕಮ್ಮಿಯೋ ಅಷ್ಟು ಸದಸ್ಯರು ಬೇಕು. ಬರೀ ಏಳು ಹೆಸರು ಕಾಗದದ ಮೇಲೆ ಹೋದರೆ ಆ ಏಳು ಜನ ಬಯಲಿಗೆ ಬಿದ್ದ ಹಾಗೆ. ಸಿಟ್ಟಿನಲ್ಲಿ ಮೆಷಿನ್ ಬಿಟ್ಟು ಎದ್ದು ಹೋಗುವುದೂ ಬೇಡ. ಈಗ ಮುಷ್ಕರಕ್ಕೆ 14 ದಿನ ಮುಂಚೆ ನೋಟಿಸ್ ಕೊಡಬೇಕು. ಅರ್ಧಕ್ಕರ್ಧ ಜನ ಮಾತಾಡಿಕೊಂಡು ಒಂದೇ ದಿನ ರಜೆ ಹಾಕಿದರೂ ಅದು ಮುಷ್ಕರ ಅಂತಲೇ ಲೆಕ್ಕ.

2016ರ ಏಪ್ರಿಲ್ ನಿಮಗೆ ನೆನಪಿರಬಹುದು. ಪಿಎಫ್‌ನಲ್ಲಿ ಮಾಲೀಕರು ಹಾಕುವ ಭಾಗವನ್ನು 58 ವರ್ಷದ ತನಕ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗೆ ಬಂದರು. ಹೆಚ್ಚಿನವರು ಯಾವ ಯೂನಿಯನ್ನಿನಲ್ಲೂ ಇರಲಿಲ್ಲ. ಎರಡನೇ ದಿನ, 19ರಂದು, ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ಅದನ್ನು ನೆನೆದರೆ ನನಗೆ ಈಗಲೂ ಎದೆ ತುಂಬಿ ಬರುತ್ತದೆ. ಆದರೆ ಲಾಠಿ ಏಟು ತಿಂದವರೂ ಅವರೇ. ಅವರ ಬೆನ್ನಿಗೆ ಒಂದು ಗಟ್ಟಿ ಯೂನಿಯನ್ ಇದ್ದಿದ್ದರೆ ಅನ್ನಿಸುತ್ತದೆ.

ನಿಮ್ಮ ಅತ್ತೆಯ ಮಾತಿಗೆ ಬರುತ್ತೇನೆ. ಅವರ ನೋವು ಸುಳ್ಳಲ್ಲ. ನಾನೂ ಮಿಲ್ ಸೈರನ್ ಕೇಳಿ ಬೆಳೆದವಳು. ಮಿಲ್ ನಿಂತ ಮೇಲೆ ನಮ್ಮ ಓಣಿಯ ಗಂಡಸರು ಬಾಗಿಲಲ್ಲಿ ಸುಮ್ಮನೆ ಕೂತಿರುತ್ತಿದ್ದುದು ಕಣ್ಣ ಮುಂದಿದೆ. ಆದರೆ ಮಿಲ್ ಮುಚ್ಚಿದ್ದಕ್ಕೆ ಯೂನಿಯನ್ ಒಂದೇ ಕಾರಣ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಹಳೇ ಯಂತ್ರಗಳು, ಪವರ್‌ಲೂಮ್ ಪೈಪೋಟಿ ಸೇರಿ ಮುಂಬೈ, ಅಹಮದಾಬಾದಿನ ಮಿಲ್‌ಗಳನ್ನೂ ಮುಚ್ಚಿಸಿದವು. ಮಿಲ್ ನಡೆಯುತ್ತಿದ್ದ ಕಾಲದಲ್ಲಿ ಕೂಲಿಯವರ ಮಾತಿಗೆ ಈ ಊರಿನಲ್ಲಿ ಬೆಲೆ ಇತ್ತು. ಕಾರ್ಮಿಕ ಮುಖಂಡರಾಗಿದ್ದ ಪಂಪಾಪತಿಯವರನ್ನು ದಾವಣಗೆರೆ ಕಮ್ಯುನಿಸ್ಟ್ ಪಕ್ಷದಿಂದ ಮೂರು ಸಲ ಶಾಸಕರನ್ನಾಗಿ ಕಳಿಸಿತ್ತು. ಆ ಬೆಲೆ ಮಿಲ್ಲಿನ ಗೇಟಿನಲ್ಲಿ ಮಾತ್ರ ಹುಟ್ಟಿದ್ದಲ್ಲ. ಅಕ್ಕಿ ಎತ್ತಿದ ಓಣಿಗಳಲ್ಲೂ ಹುಟ್ಟಿದ್ದು.

ಅದಕ್ಕೇ ಕೇಳುತ್ತೇನೆ, ನಿಮ್ಮ ಅತ್ತೆ ಅಕ್ಕಿ ಎತ್ತಿದ್ದು ಹೇಗೆ? ಯಾವ ಮನೆಗೆ ಮೊದಲು ಹೋದರು? ಅಂಗಡಿಯವರು ಉದ್ರಿ ಕೊಟ್ಟರಾ? ಇದನ್ನು ಅವರ ಹತ್ತಿರ ಕೂತು ಕೇಳಿ. ಇವತ್ತು ನಿಮ್ಮ ಜೊತೆಯವರನ್ನು ಹೆದರಿಸುವುದು ವಾರದ ಕಂತು. ಒಂದು ವಾರ ಸಂಬಳ ತಪ್ಪಿದರೆ ಉಳಿದ ಸದಸ್ಯರೇ ಬಾಗಿಲಿಗೆ ಬರುತ್ತಾರೆ ಅನ್ನುವ ಭಯ. ಅರವತ್ತು ಜನ ವಾರಕ್ಕೆ 20 ರೂಪಾಯಿ ಎತ್ತಿಟ್ಟರೆ 1,200 ರೂಪಾಯಿ ಆಗುತ್ತದೆ. ಕೆಲಸ ಕಳೆದುಕೊಂಡ ಒಬ್ಬಳ ಕಂತನ್ನು ಅದರಲ್ಲಿ ಕಟ್ಟಬಹುದು. ಇದನ್ನು ಅರ್ಜಿ ಕೊಡುವ ಮೊದಲೇ ಶುರು ಮಾಡಿ. ಲೆಕ್ಕದ ಪುಸ್ತಕ ಇಬ್ಬರ ಕೈಯಲ್ಲಿ ಇರಲಿ, ತಿಂಗಳಿಗೊಮ್ಮೆ ಎಲ್ಲರ ಎದುರು ಓದಿ.

ಇನ್‌ಚಾರ್ಜ್‌ಗೆ, ‘ಮನೆಯಲ್ಲಿ ಕಾಯಿಲೆ ಇದೆ ಸರ್, ಸದ್ಯಕ್ಕೆ ಜವಾಬ್ದಾರಿ ಬೇಡ’ ಅಂತ ಹೇಳಿದರೆ ಸಾಕು. ಅದರಲ್ಲಿ ಸುಳ್ಳೇನೂ ಇಲ್ಲ.

ಆ ಹುಡುಗಿ ಈಗ ಹೇಗಿದ್ದಾಳೆ ಅಂತ ನೀವು ಬರೆದಿಲ್ಲ. ಬರುವ ಭಾನುವಾರ ಅವಳ ಮನೆಗೆ ಹೋಗಿ ಬನ್ನಿ. ನಿಮ್ಮ ಅತ್ತೆಯನ್ನೂ ಕರೆದುಕೊಂಡು ಹೋಗಿ.