ಹಿಮ ನೋಡಲು ಹೋಗಿ, ಆದರೆ ಕ್ರಿಸ್‌ಮಸ್ ರಜೆಯಲ್ಲಿ ಬೇಡ

ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ:

“ಕಳೆದ ಡಿಸೆಂಬರ್ ಕೊನೆಯ ವಾರ ಶಿಮ್ಲಾ, ಮನಾಲಿಗೆ ಪ್ಯಾಕೇಜ್ ಟೂರ್ ಹೋಗಿದ್ದೆವು. ನಾನು, ನಮ್ಮ ಯಜಮಾನರು, ಅತ್ತೆ, ಎರಡನೇ ಕ್ಲಾಸಿನ ಮಗಳು. ಶಿಮ್ಲಾದಲ್ಲಿ ಹಿಮದ ಸುಳಿವೇ ಇರಲಿಲ್ಲ. ಮನಾಲಿಯಲ್ಲಿ ಒಂದಿಡೀ ದಿನ ಕಾರಿನಲ್ಲೇ ಕಳೆಯಿತು. ಕೊನೆಗೆ ಕಂಡದ್ದು ರಸ್ತೆ ಪಕ್ಕದ ಕೊಳಕು ಹಿಮದ ಗುಡ್ಡೆ. ರಾತ್ರಿ ಚಳಿಗೆ ಅತ್ತೆ ನಿದ್ದೆ ಮಾಡಲಿಲ್ಲ. ಅವರಿಗೆ 66 ವರ್ಷ, ಮೊಣಕಾಲು ನೋವು, ಬಿಪಿ ಮಾತ್ರೆ ಇದೆ. ನಾವು ಸಸ್ಯಾಹಾರಿಗಳು. ಈ ಸಲ ಎಲ್ಲಿಗೆ ಹೋದರೆ ಹಿಮ ಗ್ಯಾರಂಟಿ? ಕಾಶ್ಮೀರಕ್ಕೆ ಹೋಗಬಹುದೇ? ಅಥವಾ ಸಾಲ ಮಾಡಿಯಾದರೂ ವಿದೇಶಕ್ಕೇ ಹೋಗಿಬಿಡೋಣವೇ? ಅದೇ ಟೂರಿನವರು ಮತ್ತೆ ಫೋನ್ ಮಾಡುತ್ತಿದ್ದಾರೆ.”

ಸಂಪಾದಕರ ಉತ್ತರ:

ನಮಸ್ಕಾರ. ಇಂಥ ಪತ್ರ ನಿಮ್ಮದೊಂದೇ ಅಲ್ಲ. ಹೊಸ ವರ್ಷ ಕಳೆದ ಮೇಲೆ ಇದೇ ಬೇಜಾರು ಹೊತ್ತ ಪತ್ರಗಳು ನಮ್ಮ ಮೇಜಿಗೆ ಬರುತ್ತಲೇ ಇರುತ್ತವೆ. ಎಲ್ಲರೂ ಕೇಳೋದು “ಯಾವ ಊರು” ಅಂತ. ನೀವು ಊರು ಆಮೇಲೆ ಆರಿಸಿ. ಮೊದಲು ತಿಂಗಳು ಆರಿಸಿ, ಆಮೇಲೆ ಎತ್ತರ ನೋಡಿ. ಊರು ತಾನಾಗಿ ಸಿಗುತ್ತದೆ.

ನಮಗೆ ಮಳೆ ತರುವ ಮೋಡ ಅರಬ್ಬಿ ಸಮುದ್ರದ ಕಡೆಯಿಂದ ಬರುತ್ತದೆ, ಅಲ್ವಾ? ಹಿಮಾಲಯದ ಚಳಿಗಾಲದ ಹಿಮಕ್ಕೂ ಅದಕ್ಕೂ ಸಂಬಂಧವಿಲ್ಲ. ಅದು ಬರೋದು ದೂರದ ಮೆಡಿಟರೇನಿಯನ್ ಸಮುದ್ರದ ದಿಕ್ಕಿನಿಂದ. ಇರಾನ್, ಅಫ್ಘಾನಿಸ್ತಾನ ದಾಟಿ ಬಂದು ಕಾಶ್ಮೀರ, ಹಿಮಾಚಲದ ಬೆಟ್ಟಗಳಿಗೆ ಬಡಿಯುತ್ತದೆ. ಟಿವಿಯಲ್ಲಿ ವೆಸ್ಟರ್ನ್ ಡಿಸ್ಟರ್ಬೆನ್ಸ್ ಅನ್ನೋದು ಇದನ್ನೇ. ಡಿಸೆಂಬರ್‌ನಲ್ಲಿ ಇವು ಬರಬಹುದು, ಬಾರದೆಯೂ ಇರಬಹುದು. ಬಲವಾಗಿ ಬರುವ ಕಾಲ ಜನವರಿ, ಫೆಬ್ರವರಿ. ನಮ್ಮ ಕ್ರಿಸ್‌ಮಸ್ ರಜೆ ಬೀಳೋದು ಅದಕ್ಕೂ ಮೊದಲು. ಜನ ಅತಿ ಜಾಸ್ತಿ, ದುಡ್ಡು ಅತಿ ಜಾಸ್ತಿ, ಹಿಮ ಮಾತ್ರ ಅರೆಬರೆ. ನೀವು ಹೋದದ್ದು ಸರಿಯಾಗಿ ಆ ವಾರ.

ಇನ್ನು ಎತ್ತರ. ನಮ್ಮ ಮುಳ್ಳಯ್ಯನಗಿರಿ 1,900 ಮೀಟರ್ ಚಿಲ್ಲರೆ. ಮನಾಲಿ ಪೇಟೆ ಅದಕ್ಕಿಂತ ನೂರು ಚಿಲ್ಲರೆ ಮೀಟರ್ ಮಾತ್ರ ಮೇಲಿದೆ. ಶಿಮ್ಲಾ ಸುಮಾರು 2,200 ಮೀಟರ್. ಉತ್ತರಕ್ಕೆ ಇರುವುದರಿಂದ ಅಲ್ಲಿ ಚಳಿ ಇದೆ, ಸರಿ. ಆದರೆ ಈ ಎತ್ತರ ಹಿಮಕ್ಕೂ ಮಳೆಗೂ ನಡುವಿನ ಗಡಿ. ಎರಡು ಡಿಗ್ರಿ ಆಚೀಚೆ ಆದರೆ ಹಿಮದ ಬದಲು ಮಳೆ ಸುರಿಯುತ್ತದೆ. 2024ರ ಕ್ರಿಸ್‌ಮಸ್ ಹೊತ್ತಿಗೆ ಶಿಮ್ಲಾದಲ್ಲಿ ಹಿಮ ಬಿತ್ತು, ಫೋಟೋಗಳು ಎಲ್ಲ ಕಡೆ ಓಡಾಡಿದವು. ಟೂರಿನವರು ಪ್ರತಿ ವರ್ಷ ಹಂಚೋದು ಅಂಥ ಅದೃಷ್ಟದ ದಿನದ ಫೋಟೋವನ್ನೇ.

ಹಾಗಾಗಿ ನನ್ನ ಸಲಹೆ ಇಷ್ಟು: ಫೆಬ್ರವರಿ ಎರಡನೇ ವಾರ, ಕಾಶ್ಮೀರದ ಗುಲ್ಮಾರ್ಗ್. ಮಗಳು ಎರಡನೇ ಕ್ಲಾಸು. ನಾಲ್ಕು ದಿನ ಶಾಲೆ ತಪ್ಪಿದರೆ ಏನೂ ಮುಳುಗಿಹೋಗಲ್ಲ. ವಾರ್ಷಿಕ ಪರೀಕ್ಷೆಗೂ ಇನ್ನೂ ಸಮಯ ಇರುತ್ತದೆ. ಗಣರಾಜ್ಯೋತ್ಸವದ ಆಸುಪಾಸು ಮಾತ್ರ ಬೇಡ. ಶ್ರೀನಗರದಲ್ಲಿ ಆಗ ಹೆಜ್ಜೆ ಹೆಜ್ಜೆಗೂ ತಪಾಸಣೆ, ಓಡಾಟ ನಿಧಾನ.

ಗುಲ್ಮಾರ್ಗ್ ಇರೋದು ಸುಮಾರು 2,650 ಮೀಟರ್‌ನಲ್ಲಿ. ಶ್ರೀನಗರಕ್ಕಿಂತ ಸಾವಿರ ಮೀಟರ್ ಮೇಲೆ. ಕಾಶ್ಮೀರದವರು ಚಳಿಗಾಲವನ್ನೇ ಮೂರು ತುಂಡು ಮಾಡಿ ಹೆಸರಿಟ್ಟಿದ್ದಾರೆ. ಡಿಸೆಂಬರ್ 21ರಿಂದ 40 ದಿನ ಚಿಲ್ಲೈ ಕಲಾನ್, ಕಡುಚಳಿ. ಆಮೇಲೆ 20 ದಿನ ಚಿಲ್ಲೈ ಖುರ್ದ್, ಕೊನೆಗೆ 10 ದಿನ ಚಿಲ್ಲೈ ಬಚ್ಚಾ. ಮೊದಲ 40 ದಿನ ನಲ್ಲಿ ನೀರು ಹೆಪ್ಪುಗಟ್ಟುತ್ತದೆ, ದಾಲ್ ಸರೋವರದ ಅಂಚು ಗಾಜಿನಂತಾಗುತ್ತದೆ. ನಾನು ಹೇಳುತ್ತಿರುವ ಫೆಬ್ರವರಿ ಎರಡನೇ ವಾರ ಬೀಳೋದು ಎರಡನೇ ತುಂಡಿನಲ್ಲಿ. ಚಳಿಯ ಹಲ್ಲು ಸ್ವಲ್ಪ ಮೊಂಡಾಗಿರುತ್ತದೆ. ಗುಲ್ಮಾರ್ಗ್‌ನಲ್ಲಿ ಜನವರಿ ಪೂರ್ತಿ ಬಿದ್ದ ಹಿಮ ಮಾತ್ರ ಹಾಗೇ ಕೂತಿರುತ್ತದೆ.

ಗ್ಯಾರಂಟಿ ಕೇಳಿದಿರಿ. ಅದು ಯಾರ ಕೈಯಲ್ಲೂ ಇಲ್ಲ. 2024ರ ಜನವರಿ ಮಧ್ಯದಲ್ಲಿ ಗುಲ್ಮಾರ್ಗ್ ಬೋಳುಬೋಳಾಗಿತ್ತು. ಹುಲ್ಲು ಒಣಗಿ ಕಂದು ಬಣ್ಣ. ಸ್ಕೀ ಮಾಡಲು ಬಂದವರು ಬುಕಿಂಗ್ ರದ್ದು ಮಾಡಿದರು, ಖೇಲೋ ಇಂಡಿಯಾ ಕ್ರೀಡಾಕೂಟವನ್ನೂ ಮುಂದಕ್ಕೆ ಹಾಕಬೇಕಾಯಿತು. ತಿಂಗಳ ಕೊನೆಯಲ್ಲಿ ಹಿಮ ಬಂತು. ಆ ಕೆಟ್ಟ ವರ್ಷದಲ್ಲೂ ಫೆಬ್ರವರಿಯಲ್ಲಿ ಹೋದವರಿಗೆ ಹಿಮ ಸಿಕ್ಕಿತು. ನಾನು ಫೆಬ್ರವರಿ ಅನ್ನೋದಕ್ಕೆ ಇದೂ ಒಂದು ಕಾರಣ.

ಕಾಶ್ಮೀರಕ್ಕೆ ಹೋಗಬಹುದಾ ಅನ್ನುವ ಪ್ರಶ್ನೆಯನ್ನು ಹಾರಿಸಿ ಮುಂದೆ ಹೋಗಲಾರೆ. 2025ರ ಏಪ್ರಿಲ್ 22ರಂದು ಪಹಲ್ಗಾಮ್ ಹತ್ತಿರದ ಬೈಸರನ್‌ನಲ್ಲಿ ಉಗ್ರರು 26 ಜನರನ್ನು ಕೊಂದರು. ನಿಮ್ಮ ಪಕ್ಕದ ಶಿವಮೊಗ್ಗದವರೂ ಸತ್ತವರಲ್ಲಿದ್ದರು. ಆಮೇಲೆ ಸರ್ಕಾರ ಎಷ್ಟೋ ಪ್ರವಾಸಿ ತಾಣಗಳನ್ನು ಮುಚ್ಚಿ, ಹಂತಹಂತವಾಗಿ ತೆರೆಯಿತು. ಜನ ಮತ್ತೆ ಹೋಗುತ್ತಿದ್ದಾರೆ. ಟಿಕೆಟ್ ಮಾಡುವ ಮೊದಲು ಜಮ್ಮು ಕಾಶ್ಮೀರ ಪ್ರವಾಸೋದ್ಯಮ ಇಲಾಖೆಯ ಸೂಚನೆ ನೋಡಿ. ಹೊರಡುವ ವಾರ ಇನ್ನೊಮ್ಮೆ ನೋಡಿ. ಮನೆಯಲ್ಲಿ ಒಬ್ಬರಿಗಾದರೂ ಒಳಗೊಳಗೇ ಅಳುಕು ಇದ್ದರೆ ಹೋಗಬೇಡಿ. ಹೆದರಿಕೊಂಡು ರಜೆ ಕಳೆಯೋದರಲ್ಲಿ ಸುಖವಿಲ್ಲ. ಬೇರೆ ದಾರಿಗಳನ್ನು ಕೆಳಗೆ ಹೇಳಿದ್ದೇನೆ.

ಹೋಗುವುದಾದರೆ ಹೀಗೆ ಹೋಗಿ. ಶ್ರೀನಗರದಲ್ಲಿ ಎರಡು ರಾತ್ರಿ, ಗುಲ್ಮಾರ್ಗ್‌ನಲ್ಲಿ ಎರಡು ರಾತ್ರಿ, ವಾಪಸ್ ಶ್ರೀನಗರದಲ್ಲಿ ಒಂದು ರಾತ್ರಿ. ಅಷ್ಟೇ. ಪಹಲ್ಗಾಮ್, ಸೋನಮಾರ್ಗ್, ದೂದ್‌ಪತ್ರಿ ಅಂತ ದಿನಕ್ಕೊಂದು ಊರು ಸುತ್ತಿಸುವ ಪಟ್ಟಿಗೆ ಬೇಡ ಅನ್ನಿ. ಅತ್ತೆಯ ಮೊಣಕಾಲು ನೋಯೋದು ನಡೆದಿದ್ದಕ್ಕಿಂತ ಕಾರಿನಲ್ಲಿ ಕಾಲು ಮಡಚಿ ಕೂತಿದ್ದಕ್ಕೇ ಜಾಸ್ತಿ. ಕೊನೆಯ ಆ ಒಂದು ರಾತ್ರಿ ಹಿಮದ ಪಾಲು. ಹಿಮ ಬಿದ್ದರೆ ಶ್ರೀನಗರದಲ್ಲಿ ವಿಮಾನ ರದ್ದಾಗೋದು ಮಾಮೂಲು, ದೆಹಲಿಯಲ್ಲಿ ಮಂಜು ಮುಸುಕಿ ತಡವಾಗೋದು ಇನ್ನೂ ಮಾಮೂಲು. ಮರುದಿನವೇ ಆಫೀಸು ಅಂತ ಇಟ್ಟುಕೊಳ್ಳಬೇಡಿ. 2025ರ ಜೂನ್‌ನಿಂದ ಜಮ್ಮು ಹತ್ತಿರದ ಕಟ್ರಾ ಮತ್ತು ಶ್ರೀನಗರದ ನಡುವೆ ವಂದೇ ಭಾರತ್ ರೈಲು ಓಡುತ್ತಿದೆ. ಸುಮಾರು ಮೂರು ಗಂಟೆ ಪ್ರಯಾಣ. ನದಿಯಿಂದ 359 ಮೀಟರ್ ಎತ್ತರದ ಚೆನಾಬ್ ಸೇತುವೆ ಮೇಲೆ ಹೋಗುತ್ತದೆ. ವಿಮಾನ ಕೈಕೊಟ್ಟರೆ ಈ ದಾರಿ ನೆನಪಿರಲಿ.

ಶ್ರೀನಗರದಿಂದ ಗುಲ್ಮಾರ್ಗ್ 50 ಕಿ.ಮೀ. ಕೊನೆಯ 13 ಕಿ.ಮೀ. ಇದೆಯಲ್ಲ, ಟಂಗ್‌ಮಾರ್ಗ್‌ನಿಂದ ಮೇಲೆ, ಅಲ್ಲಿ ಆಟ ಬೇರೆ. ಹಿಮ ಬಿದ್ದ ದಿನ ಟಂಗ್‌ಮಾರ್ಗ್‌ನಲ್ಲಿ ಗಾಡಿಗಳು ಸಾಲಾಗಿ ನಿಲ್ಲುತ್ತವೆ. ಹುಡುಗರು ಹೆಗಲ ಮೇಲೆ ಕಬ್ಬಿಣದ ಸರಪಳಿ ಹೊತ್ತು ಬರುತ್ತಾರೆ. ಚಕ್ರದ ಮುಂದೆ ನೆಲದ ಮೇಲೆ ಹಾಸುತ್ತಾರೆ. ಡ್ರೈವರ್ ಗಾಡಿಯನ್ನು ಒಂದು ಗೇಣು ಮುಂದೆ ತರುತ್ತಾನೆ. ಹುಡುಗ ಕೆಸರು ಹಿಮದಲ್ಲಿ ಮಲಗಿ, ಬರಿಗೈಯಲ್ಲಿ ಸರಪಳಿಯನ್ನು ಟೈರಿಗೆ ಸುತ್ತಿ ಕೊಕ್ಕೆ ಸಿಕ್ಕಿಸುತ್ತಾನೆ. ಆಮೇಲೆ ಖಣಖಣ ಸದ್ದು ಮಾಡಿಕೊಂಡು ಗಾಡಿ ಮೇಲೇರುತ್ತದೆ. ನೀವು ಶ್ರೀನಗರದಿಂದ ತಂದ ಕಾರು ಅಲ್ಲೇ ನಿಂತುಬಿಡಬಹುದು. ಆಗ ಸ್ಥಳೀಯರ ಫೋರ್ ವೀಲ್ ಡ್ರೈವ್ ಗಾಡಿ ಹಿಡಿಯಬೇಕು, ಅದರ ಬಾಡಿಗೆ ಬೇರೆ. ಇದನ್ನು ಮೋಸ ಅಂದುಕೊಳ್ಳಬೇಡಿ. ಆದರೆ ಆ ಬಾಡಿಗೆ ಯಾರು ಕೊಡಬೇಕು ಅನ್ನೋದನ್ನು ಊರಿನಲ್ಲೇ ಮಾತಾಡಿಕೊಂಡಿರಿ.

ಗೊಂಡೋಲಾ ಅಂದರೆ ಅಲ್ಲಿನ ರೋಪ್‌ವೇ, ಎರಡು ಹಂತ. ಮೊದಲನೆಯದು ಕೊಂಗ್ಡೂರಿಗೆ, ಮೂರು ಸಾವಿರ ಮೀಟರ್ ದಾಟುತ್ತದೆ. ಎರಡನೆಯದು ಅಫರ್ವಟ್ ಬೆಟ್ಟದ ಮೇಲಕ್ಕೆ, 4,000 ಮೀಟರ್‌ಗೆ ಹತ್ತಿರ. ಆ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ನೂರಕ್ಕೆ 60ರಷ್ಟು. ಅತ್ತೆ ಮೊದಲ ಹಂತಕ್ಕೆ ನಿಲ್ಲಲಿ, ಅದಕ್ಕೂ ಹೋಗುವ ಮೊದಲು ಬಿಪಿ ನೋಡುವ ಡಾಕ್ಟರನ್ನು ಒಂದು ಮಾತು ಕೇಳಿ. ನೀವು ಮೂವರು ಮೇಲೆ ಹೋದರೂ ಅರ್ಧ ಗಂಟೆಯಲ್ಲಿ ಇಳಿದುಬನ್ನಿ. ಟಿಕೆಟ್ಟನ್ನು ಅಧಿಕೃತ ವೆಬ್‌ಸೈಟಿನಲ್ಲಿ ದಿನಗಳ ಮುಂಚೆಯೇ ಮಾಡಿಸಿ. ಅಲ್ಲಿ ಹೋಗಿ ನೋಡೋಣ ಅಂದರೆ ದಲ್ಲಾಳಿಗಳ ಕೈಗೆ ಸಿಗುತ್ತೀರಿ. ಮೇಲೆ ಜೋರು ಗಾಳಿ ಇದ್ದರೆ ಎರಡನೇ ಹಂತ ನಿಲ್ಲಿಸುತ್ತಾರೆ, ಅದಕ್ಕೆ ಯಾರ ಹತ್ತಿರವೂ ಜಗಳ ಬೇಡ.

ಸಣ್ಣದೊಂದು ವಿಷಯ. ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯಲ್ಲ, ಹೊರ ರಾಜ್ಯದ್ದಾದರೆ ಪೋಸ್ಟ್‌ಪೇಯ್ಡ್ ಬೇಕು. ಮನೆಯವರೆಲ್ಲರದ್ದೂ ಪ್ರೀಪೇಯ್ಡ್ ಆದರೆ ಶ್ರೀನಗರದಲ್ಲಿ ಇಳಿದ ಕೂಡಲೇ ಎಲ್ಲರ ಫೋನೂ ಮೂಕ. ಹೊರಡುವ ಮೊದಲೇ ಒಂದನ್ನಾದರೂ ಬದಲಾಯಿಸಿ.

ಊಟದ ಚಿಂತೆ ಬಿಡಿ. ವೈಷ್ಣೋ ಢಾಬಾ ಅಂತ ಬೋರ್ಡ್ ಇದ್ದರೆ ಅದು ಅಪ್ಪಟ ಸಸ್ಯಾಹಾರಿ. ರಾಜ್ಮಾ ಅನ್ನ ಎಲ್ಲ ಕಡೆ ಸಿಗುತ್ತದೆ. ಕಾಶ್ಮೀರದ ಊಟ ಅಂದರೆ ಬರೀ ಮಾಂಸ ಅಂದುಕೊಳ್ಳಬೇಡಿ. ತಾವರೆ ದಂಟಿನ ನದ್ರು, ಹಾಕ್ ಸೊಪ್ಪಿನ ಸಾರು ಕೇಳಿ ಹಾಕಿಸಿಕೊಳ್ಳಿ, ಅನ್ನಕ್ಕೆ ಚೆನ್ನಾಗಿ ಹೊಂದುತ್ತದೆ. ಕೇಸರಿ, ಬಾದಾಮಿ ಹಾಕಿದ ಕಹ್ವಾ ಅತ್ತೆಗೆ ಇಷ್ಟವಾಗಬಹುದು. ಉಪ್ಪು ಹಾಕಿದ ಗುಲಾಬಿ ಬಣ್ಣದ ನೂನ್ ಚಾಯ್ ಬಗ್ಗೆ ನಾನು ಮಾತು ಕೊಡಲಾರೆ! ಚೀಲದಲ್ಲಿ ಮಂಡಕ್ಕಿ, ಚಟ್ನಿಪುಡಿ ಹೇಗೂ ಇರುತ್ತದೆ, ದಾವಣಗೆರೆಯವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ.

ಬಟ್ಟೆಯ ವಿಷಯ ಸ್ವಲ್ಪ ಗಮನ ಕೊಡಿ. ಒಂದೇ ದಪ್ಪ ಸ್ವೆಟರ್ ಸಾಕಾಗಲ್ಲ. ಮೈಗೆ ಅಂಟಿದ ಥರ್ಮಲ್, ಅದರ ಮೇಲೆ ಉಣ್ಣೆ, ಅದರ ಮೇಲೆ ಗಾಳಿ ನೀರು ತಡೆಯುವ ಜಾಕೆಟ್. ಒಳಗೆ ಹತ್ತಿ ಬನಿಯನ್ ಬೇಡ. ಬೆವರು ಹೀರಿಕೊಂಡು ಒದ್ದೆಯಾಗಿ ಮೈ ತಣ್ಣಗೆ ಮಾಡುತ್ತದೆ. ಮೇಲಿನ ಜಾಕೆಟ್ಟೂ ಗಂಬೂಟೂ ಕೊಳ್ಳಬೇಡಿ, ಟಂಗ್‌ಮಾರ್ಗ್‌ನಲ್ಲಿ ಬಾಡಿಗೆಗೆ ಸಿಗುತ್ತವೆ. ಕಾಲುಚೀಲ ಮಾತ್ರ ನಿಮ್ಮದೇ ಇರಲಿ, ಎರಡು ಜೊತೆ ಜಾಸ್ತಿಯೇ ಇರಲಿ. ಮಗುವಿಗೆ ತಂಪು ಕನ್ನಡಕ ಹಾಕಿಸಿ, ಬಿಸಿಲಿದ್ದರೆ ಹಿಮದ ಹೊಳಪು ಕಣ್ಣು ಚುಚ್ಚುತ್ತದೆ. ತುಳಿದು ಗಟ್ಟಿಯಾದ ಹಿಮದ ಮೇಲೆ ಅತ್ತೆ ಪಾಚಿ ಕಟ್ಟಿದ ಬಾವಿಕಟ್ಟೆ ಮೇಲೆ ನಡೆಯುವ ಹಾಗೆ ನಡೆಯಬೇಕು. ಸಣ್ಣ ಹೆಜ್ಜೆ, ಪಾದ ಪೂರ್ತಿ ಊರಿ. ತುದಿಗೆ ಮೊಳೆ ಇರುವ ಊರುಗೋಲು ಒಂದು ಇರಲಿ. ಅಂದಹಾಗೆ, ಮಗಳು ಹಿಮದ ಗೊಂಬೆ ಮಾಡಲು ಹೊರಟರೆ ಹೊಸದಾಗಿ ಬಿದ್ದ ಒಣ ಹಿಮ ಹಿಟ್ಟಿನಂತೆ ಉದುರುತ್ತದೆ, ಉಂಡೆ ಕಟ್ಟಲ್ಲ. ಮಧ್ಯಾಹ್ನದ ಬಿಸಿಲಿಗೆ ಸ್ವಲ್ಪ ಪಸೆ ಬಂದ ಮೇಲೆ ಶುರು ಮಾಡಲಿ.

ರಾತ್ರಿಯ ಚಳಿ. ಇದು ನಿಮ್ಮ ಪತ್ರದಲ್ಲಿ ಒಂದು ಸಾಲು ಮಾತ್ರ, ಆದರೆ ನನಗೆ ಹೆಚ್ಚು ಚಿಂತೆ ಇರೋದು ಇದರದ್ದೇ. ಕಾಶ್ಮೀರದವರು ಫೆರನ್ ಅನ್ನುವ ಸಡಿಲ ನಿಲುವಂಗಿಯ ಒಳಗೆ ಕಾಂಗ್ರಿ ಇಟ್ಟುಕೊಂಡು ಓಡಾಡುತ್ತಾರೆ. ಬೆತ್ತದಂಥ ಕಡ್ಡಿಯ ಬುಟ್ಟಿಯಲ್ಲಿ ಮಣ್ಣಿನ ಕುಡಿಕೆ, ಅದರಲ್ಲಿ ಕೆಂಡ. ಅವರಿಗೆ ಅಭ್ಯಾಸ. ನೀವು ಕೆಂಡವನ್ನಾಗಲಿ, ಗ್ಯಾಸ್ ಹೀಟರನ್ನಾಗಲಿ ಮಲಗುವ ಕೋಣೆಯಲ್ಲಿ ಇಟ್ಟುಕೊಂಡು ಬಾಗಿಲು ಹಾಕಬೇಡಿ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನಲ್ಲಿ ಕೇರಳದ ಎಂಟು ಜನ ಹೀಗೇ ತೀರಿಕೊಂಡರು. ನಾಲ್ವರು ಮಕ್ಕಳು. ಚಳಿ ಅಂತ ಕಿಟಕಿ ಬಾಗಿಲು ಭದ್ರ ಮಾಡಿ ಗ್ಯಾಸ್ ಹೀಟರ್ ಹಚ್ಚಿ ಮಲಗಿದ್ದರು. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲಿ ಗೊತ್ತೇ ಆಗಲ್ಲ. ಎಲೆಕ್ಟ್ರಿಕ್ ಬ್ಲಾಂಕೆಟ್ ಇರುವ ಹೋಟೆಲ್ ಕೇಳಿ. ಮಲಗುವ ಅರ್ಧ ಗಂಟೆ ಮೊದಲು ಹಾಕಿ, ಹಾಸಿಗೆ ಬೆಚ್ಚಗಾದ ಮೇಲೆ ಆರಿಸಿ.

ಕಾಶ್ಮೀರ ಬೇಡ ಅಂತಾದರೆ ಮನಾಲಿಗೇ ಮತ್ತೆ ಹೋಗಬಹುದು, ಆದರೆ ಫೆಬ್ರವರಿಯಲ್ಲಿ. 9 ಕಿ.ಮೀ. ಉದ್ದದ ಅಟಲ್ ಸುರಂಗ 2020ರ ಅಕ್ಟೋಬರ್‌ನಲ್ಲಿ ತೆರೆದ ಮೇಲೆ ಚಳಿಗಾಲದಲ್ಲೂ ಬೆಟ್ಟದಾಚೆಯ ಲಾಹೌಲ್ ಕಣಿವೆ ಕಡೆಗೆ ದಾಟಬಹುದು. ಈ ಕಡೆ ಕೆಸರು, ಆ ಕಡೆ ಸುರಂಗದ ಬಾಯಿ ದಾಟಿದರೆ ಎಲ್ಲ ಬೆಳ್ಳಗೆ. ಹಿಮ ಸುರಿಯುವಾಗ ಮಾತ್ರ ಆ ರಸ್ತೆಗೆ ಹೋಗಬೇಡಿ. 2024ರ ಡಿಸೆಂಬರ್‌ನಲ್ಲಿ ಮನಾಲಿ ಹತ್ತಿರದ ಸೋಲಂಗ್ ಮತ್ತು ಸುರಂಗದ ನಡುವೆ ನೂರಾರು ಗಾಡಿಗಳು ಜಾರುತ್ತಾ ಸಿಕ್ಕಿಬಿದ್ದವು, ಪೊಲೀಸರು ಜನರನ್ನು ಕೆಳಗಿಳಿಸಬೇಕಾಯಿತು. ಹಿಮ ನಿಂತ ಮರುದಿನ ಬೆಳಿಗ್ಗೆ ಬೇಗ ಹೊರಡಿ.

ಸಿಕ್ಕಿಂನ ಲಾಚುಂಗ್ ಚೆಂದ. ಆದರೆ 2023ರ ಅಕ್ಟೋಬರ್ ಪ್ರವಾಹದ ಮೇಲೆ ಉತ್ತರ ಸಿಕ್ಕಿಂ ರಸ್ತೆಗಳು ಪೆಟ್ಟು ತಿಂದಿವೆ, ಮೊಣಕಾಲು ನೋವಿನವರಿಗೆ ಆ ಕುಲುಕಾಟ ಬೇಡ. ಲೇಹ್ ಬೇಡವೇ ಬೇಡ. ವಿಮಾನ ಇಳಿದ ಕೂಡಲೇ 3,200 ಮೀಟರ್‌ಗೂ ಮೇಲೆ, ಅದರ ಮೇಲೆ ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿ.

ವಿದೇಶಕ್ಕೆ ಸಾಲ ಮಾಡಬೇಡಿ. ದುಡ್ಡು ಕೂಡಿದ ಮೇಲೆ ಕಝಾಕಿಸ್ತಾನದ ಅಲ್ಮಾಟಿ ನೋಡಿ. 2022ರಿಂದ ಭಾರತೀಯರಿಗೆ 14 ದಿನದವರೆಗೆ ವೀಸಾ ಬೇಡ. ಊರಿಗೆ ಹತ್ತಿರದಲ್ಲೇ ಶಿಂಬುಲಕ್ ಸ್ಕೀ ತಾಣ, ರೋಪ್‌ವೇಯಲ್ಲೇ ಹತ್ತಿ ಹೋಗಬಹುದು. ಸಸ್ಯಾಹಾರಕ್ಕೆ ಅಲ್ಲಿ ಸ್ವಲ್ಪ ಒದ್ದಾಟ.

ಕೊನೆಗೆ ಆ ಟೂರಿನವರು. ಬೈಯೋದರಿಂದ ಏನೂ ಸಿಗಲ್ಲ. ಮತ್ತೆ ಫೋನ್ ಮಾಡಿದರೆ ಮೂರು ಮಾತು ಕೇಳಿ. ಗುಲ್ಮಾರ್ಗ್‌ನಲ್ಲಿ ರಾತ್ರಿ ಉಳಿಸುತ್ತೀರಾ, ಇಲ್ಲ ಟಂಗ್‌ಮಾರ್ಗ್‌ನಲ್ಲಾ? ಸರಪಳಿ ಗಾಡಿಯ ಬಾಡಿಗೆ, ಗೊಂಡೋಲಾ ಟಿಕೆಟ್ ನಿಮ್ಮ ರೇಟಿನಲ್ಲಿ ಸೇರಿದೆಯಾ? ವಿಮಾನ ರದ್ದಾದರೆ ಆ ರಾತ್ರಿಯ ರೂಮಿನ ಖರ್ಚು ಯಾರದ್ದು? ಉತ್ತರವನ್ನು ವಾಟ್ಸಾಪ್‌ನಲ್ಲಿ ಬರೆದು ಕಳಿಸಲಿ. “ಅದೆಲ್ಲ ಅಲ್ಲಿ ಹೋದ ಮೇಲೆ ನೋಡೋಣ ಮೇಡಂ” ಅಂದರೆ ಅಡ್ವಾನ್ಸ್ ಕೊಡಬೇಡಿ.

– ಸಂ.