ಕ್ಯಾಂಪಸ್‌ನಲ್ಲಿ ಗುಂಡು ಹಾರಿದರೆ ಆಡಳಿತದವರು ಏನು ಮಾಡುತ್ತಾರೆ?

ಪ್ರಶ್ನೆ: ಮಗಳಿಗೆ ಅಮೆರಿಕದಲ್ಲಿ ಎಂಎಸ್ ಸೀಟು ಸಿಕ್ಕಿದೆ. ಆಗಸ್ಟ್‌ನಲ್ಲಿ ಹೊರಡುತ್ತಾಳೆ. ಅಲ್ಲಿನ ಯೂನಿವರ್ಸಿಟಿಗಳಲ್ಲಿ ಗುಂಡು ಹಾರಿಸಿದ ಸುದ್ದಿ ಟಿವಿಯಲ್ಲಿ ಬಂದಾಗಲೆಲ್ಲ ಅವಳ ಅಮ್ಮನಿಗೆ ನಿದ್ದೆ ಬರುವುದಿಲ್ಲ. ಅಂಥದ್ದೇನಾದರೂ ಆದರೆ ಆಡಳಿತದವರು ಮಕ್ಕಳಿಗೆ ತಕ್ಷಣ ತಿಳಿಸುತ್ತಾರಾ? ನಮಗೆ ಯಾರು ಹೇಳುತ್ತಾರೆ? ಸೀಟು ಬಿಡಿಸಿಬಿಡೋಣ ಅಂತಲೂ ಒಮ್ಮೊಮ್ಮೆ ಅನ್ನಿಸುತ್ತದೆ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸೀಟು ಬಿಡಿಸುವ ಮಾತು ಬೇಡ ಸಾರ್. ಅಷ್ಟು ದೊಡ್ಡ ದೇಶದಲ್ಲಿ ಒಬ್ಬ ವಿದ್ಯಾರ್ಥಿ ಇಂಥ ಘಟನೆಗೆ ಸಿಕ್ಕಿಕೊಳ್ಳುವ ಸಾಧ್ಯತೆ ತೀರಾ ಕಡಿಮೆ. ಆದರೆ ‘ತಕ್ಷಣ ತಿಳಿಸುತ್ತಾರಾ’ ಎಂದು ಕೇಳಿದಿರಲ್ಲ, ಅದು ಸರಿಯಾದ ಪ್ರಶ್ನೆ. ಅಲ್ಲಿ ಈಗಿರುವ ನಿಯಮಗಳಲ್ಲಿ ಮುಖ್ಯವಾದವು ಬಂದದ್ದೇ ಒಮ್ಮೆ ತಕ್ಷಣ ತಿಳಿಸದೆ ಹೋದದ್ದರಿಂದ.

2007ರ ಏಪ್ರಿಲ್ 16. ವರ್ಜೀನಿಯಾ ರಾಜ್ಯದ ವರ್ಜೀನಿಯಾ ಟೆಕ್ ಯೂನಿವರ್ಸಿಟಿ. ಬೆಳಿಗ್ಗೆ ಏಳೂಕಾಲರ ಸುಮಾರಿಗೆ ಒಂದು ಹಾಸ್ಟೆಲ್‌ನಲ್ಲಿ ಇಬ್ಬರು ವಿದ್ಯಾರ್ಥಿಗಳಿಗೆ ಗುಂಡೇಟು ಬಿತ್ತು. ಇದೇನೋ ಪ್ರೀತಿ-ಪ್ರೇಮದ ಜಗಳ, ಹೊಡೆದವನು ಆಗಲೇ ಕ್ಯಾಂಪಸ್ ಬಿಟ್ಟಿರಬೇಕು ಎಂದು ಪೊಲೀಸರು ಅಂದುಕೊಂಡರು. ಅಧ್ಯಕ್ಷ ಚಾರ್ಲ್ಸ್ ಸ್ಟೀಗರ್ (ನಮ್ಮ ಲೆಕ್ಕದಲ್ಲಿ ಕುಲಪತಿ) ಮತ್ತು ಹಿರಿಯ ಅಧಿಕಾರಿಗಳು ಎಂಟೂವರೆ ಹೊತ್ತಿಗೆ ಸಭೆ ಸೇರಿದರು. ಎಲ್ಲರಿಗೂ ಸಂದೇಶ ಕಳಿಸುವ ವ್ಯವಸ್ಥೆ ಕ್ಯಾಂಪಸ್ ಪೊಲೀಸರ ಕೈಯಲ್ಲಿ ಇರಲಿಲ್ಲ. ಈ ಸಭೆಯೇ ತೀರ್ಮಾನಿಸಬೇಕಿತ್ತು. ಏನು ಬರೆಯಬೇಕು, ಗಾಬರಿ ಆಗುತ್ತದೋ ಏನೋ ಎಂದು ಚರ್ಚೆ ನಡೆಯಿತು. ಮೊದಲ ಇಮೇಲ್ ಹೋದದ್ದು 9:26ಕ್ಕೆ. ಅದರಲ್ಲೂ ಗುಂಡು ಹಾರಿದೆ, ಎಚ್ಚರವಾಗಿರಿ ಎನ್ನುವಷ್ಟೇ ಇತ್ತು. ಇಬ್ಬರು ಗುಂಡೇಟು ತಿಂದಿದ್ದಾರೆ ಅಂತಾಗಲಿ, ಹೊಡೆದವನು ಸಿಕ್ಕಿಲ್ಲ ಅಂತಾಗಲಿ ಇರಲಿಲ್ಲ.

9:40ರ ಹೊತ್ತಿಗೆ, ಹಾಸ್ಟೆಲ್‌ನಲ್ಲಿ ಗುಂಡು ಹೊಡೆದ ಅದೇ ಹುಡುಗ, ಅಲ್ಲಿಯದೇ ವಿದ್ಯಾರ್ಥಿ, ನಾರಿಸ್ ಹಾಲ್ ಎಂಬ ಕಟ್ಟಡದ ಬಾಗಿಲುಗಳಿಗೆ ಸರಪಳಿ ಹಾಕಿ ಒಳಗೆ 30 ಜನರನ್ನು ಕೊಂದ. ತಮಿಳುನಾಡು ಮೂಲದ ಪ್ರಾಧ್ಯಾಪಕ ಜಿ. ವಿ. ಲೋಗನಾಥನ್ ಮತ್ತು ಮುಂಬೈನಿಂದ ಓದಲು ಹೋಗಿದ್ದ ಒಬ್ಬ ವಿದ್ಯಾರ್ಥಿನಿ ಅವರಲ್ಲಿದ್ದರು. ಹಾಸ್ಟೆಲ್‌ನ ಇಬ್ಬರೂ ಸೇರಿ ಒಟ್ಟು 32 ಸಾವು.

ಆಮೇಲೆ ವಿಚಾರಣೆಯಲ್ಲಿ ಹೊರಬಿದ್ದ ಒಂದು ಸಂಗತಿ ನನಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚುತ್ತದೆ. ವಿದ್ಯಾರ್ಥಿಗಳಿಗೆ ಇಮೇಲ್ ಹೋಗುವ ಮೊದಲೇ ಕ್ಯಾಂಪಸ್‌ನಲ್ಲಿ ಕಸ ಎತ್ತುವ ಕೆಲಸ ನಿಲ್ಲಿಸಿದ್ದರು. ಸಭೆಯಲ್ಲಿದ್ದ ಕೆಲವರು ಮನೆಯವರಿಗೆ ವಿಷಯ ತಿಳಿಸಿಯೂ ಆಗಿತ್ತು. ಅಂದರೆ ಅಪಾಯವಿದೆ ಎಂದು ಆಡಳಿತಕ್ಕೆ ಅನ್ನಿಸಿರಲಿಲ್ಲ ಎನ್ನುವಂತಿಲ್ಲ. ಪೂರ್ತಿ ಖಾತ್ರಿಯಾಗಲಿ, ಆಮೇಲೆ ಎಲ್ಲರಿಗೂ ಹೇಳೋಣ ಎಂದು ಕಾದರು. ದೊಡ್ಡ ಕಚೇರಿಗಳ ಚಾಳಿಯೇ ಅದು, ಅಲ್ವಾ?

ಕ್ಯಾಂಪಸ್ ಅಪರಾಧಗಳ ಬಗ್ಗೆ ವಿದ್ಯಾರ್ಥಿಗಳಿಗೆ ಸಮಯಕ್ಕೆ ಸರಿಯಾಗಿ ತಿಳಿಸಬೇಕು ಎನ್ನುವ ಕ್ಲೆರಿ ಕಾಯ್ದೆ 1990ರಿಂದಲೇ ಇತ್ತು. ಅದನ್ನು ಮುರಿದದ್ದಕ್ಕೆ ವರ್ಜೀನಿಯಾ ಟೆಕ್‌ಗೆ 2011ರಲ್ಲಿ 55,000 ಡಾಲರ್ ದಂಡ ಬಿತ್ತು. ಮೇಲ್ಮನವಿ, ವಾದ-ವಿವಾದ ಎಲ್ಲ ಮುಗಿದು 2014ರಲ್ಲಿ ಕಟ್ಟಿದ್ದು 32,500 ಡಾಲರ್. ದಂಡದ ಮೊತ್ತ ನೋಡಿದರೆ ನಗು ಬರುತ್ತದೆ, ಬಿಡಿ. ನಿಜವಾದ ಬದಲಾವಣೆ ಬಂದದ್ದು 2008ರಲ್ಲಿ. ಜೀವಕ್ಕೆ ಅಪಾಯವಿದೆ ಎಂದು ದೃಢಪಟ್ಟ ಕೂಡಲೇ ತಡಮಾಡದೆ ಎಲ್ಲರಿಗೂ ತಿಳಿಸಬೇಕು ಎಂಬ ಷರತ್ತು ಆ ವರ್ಷ ಕಾನೂನಿಗೆ ಸೇರಿತು. 2023ರ ಫೆಬ್ರುವರಿ 13ರ ರಾತ್ರಿ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಮೂವರು ವಿದ್ಯಾರ್ಥಿಗಳು ಸತ್ತಾಗ, ಮೊದಲ ಗುಂಡಿನಿಂದ ಕಾಲು ಗಂಟೆಯೊಳಗೆ ಯೂನಿವರ್ಸಿಟಿಯಿಂದ ತುರ್ತು ಸಂದೇಶ ಹೋಗಿತ್ತು. ಅದೂ ತಡ ಎಂದವರಿದ್ದಾರೆ. ಆದರೂ ಎರಡು ಗಂಟೆಗೂ ಕಾಲು ಗಂಟೆಗೂ ಎಷ್ಟು ವ್ಯತ್ಯಾಸ ನೋಡಿ.

ಇನ್ನೊಂದು ಮಾತು. ವರ್ಜೀನಿಯಾ ಟೆಕ್‌ನ ಆ ಹುಡುಗನ ವರ್ತನೆ ಸರಿಯಿಲ್ಲ ಎಂದು ಪಾಠ ಮಾಡುವವರಿಗೆ, ಹಾಸ್ಟೆಲ್‌ನವರಿಗೆ, ಪೊಲೀಸರಿಗೆ ಮೊದಲೇ ಗೊತ್ತಿತ್ತು. ಒಬ್ಬೊಬ್ಬರಿಗೆ ಒಂದೊಂದು ತುಣುಕು. ವಿದ್ಯಾರ್ಥಿಯ ಖಾಸಗಿ ಮಾಹಿತಿ ಹಂಚಿಕೊಳ್ಳಲು ಕಾನೂನು ಬಿಡುವುದಿಲ್ಲ ಎಂದು ಎಲ್ಲರೂ ಸುಮ್ನೆ ಇದ್ದುಬಿಟ್ಟರು. ಕಾನೂನಿನಲ್ಲಿ ಅಷ್ಟು ಕಟ್ಟು ಇರಲೇ ಇಲ್ಲ ಎಂದು ರಾಜ್ಯಪಾಲರು ನೇಮಿಸಿದ ಸಮಿತಿ ಹೇಳಿತು. ಆಮೇಲೆ ಆ ರಾಜ್ಯದ ಎಲ್ಲ ಸರ್ಕಾರಿ ಕಾಲೇಜುಗಳಲ್ಲೂ ಇಂಥ ಸೂಚನೆಗಳನ್ನು ಒಟ್ಟಿಗೆ ಕೂತು ನೋಡುವ ತಂಡ ಇರಲೇಬೇಕೆಂದು ಕಾನೂನಾಯಿತು. ನಿಮ್ಮ ಮಗಳ ಯೂನಿವರ್ಸಿಟಿಯ ವೆಬ್‌ಸೈಟಿನಲ್ಲಿ ಅಂಥ ತಂಡ ಇದೆಯೇ, ಕ್ಯಾಂಪಸ್ ಸುರಕ್ಷತೆಯ ವಾರ್ಷಿಕ ವರದಿ ಏನು ಹೇಳುತ್ತದೆ ಎಂದು ನೋಡಿ. ಪ್ರತಿ ವರ್ಷ ಆ ವರದಿ ಹೊರತರುವುದು ಕಡ್ಡಾಯ. ತುರ್ತು ಸಂದೇಶ ಕಳಿಸುವ ಅಧಿಕಾರ ಯಾರಿಗಿದೆ ಎನ್ನುವುದೂ ಅದರಲ್ಲೇ ಇರುತ್ತದೆ.

ಇನ್ನು ನಿಮ್ಮ ಕೈಯಲ್ಲಿರುವ ಕೆಲಸ. ನಮ್ಮ ಮಕ್ಕಳು ಹೋದ ಹೊಸದರಲ್ಲಿ ಊರಿನ ಸಿಮ್‌ನಲ್ಲೇ ವಾಟ್ಸಾಪ್ ಮಾಡಿಕೊಂಡಿರುತ್ತಾರೆ. ಯೂನಿವರ್ಸಿಟಿಯ ತುರ್ತು ಸಂದೇಶ ಹೋಗುವುದು ಅಲ್ಲಿ ನೋಂದಾಯಿಸಿದ ನಂಬರಿಗೆ. ಅಲ್ಲಿನ ಸಿಮ್ ಸಿಕ್ಕ ದಿನವೇ ಆ ನಂಬರ್ ಕೊಡಲಿ. ತುರ್ತು ಸಂಪರ್ಕದ ಫಾರ್ಮಿನಲ್ಲಿ ನಿಮ್ಮ ನಂಬರನ್ನು +91 ಸೇರಿಸಿ ಬರೆಯಲಿ. ಅಲ್ಲೇ ಇರುವ ಸಂಬಂಧಿಕರೋ ಪರಿಚಯದವರೋ ಇದ್ದರೆ ಅವರ ನಂಬರೂ ಇರಲಿ. ಇಲ್ಲಿ ನಡುರಾತ್ರಿಯಾಗಿದ್ದರೆ ಅವರು ಬೇಗ ಸಿಗುತ್ತಾರೆ. ಸುದ್ದಿ ಕೇಳಿದ ಕೂಡಲೇ ಮಗಳಿಗೆ ಫೋನ್ ಮಾಡಬೇಡಿ. ಎಲ್ಲೋ ಬಾಗಿಲು ಹಾಕಿಕೊಂಡು ಕೂತಿದ್ದರೆ ರಿಂಗಾಗುವುದೇ ಅಪಾಯ. ಒಂದು ಮೆಸೇಜ್ ಹಾಕಿ ಕಾಯಿರಿ. ಕಷ್ಟ ಅಂತ ಗೊತ್ತು.

ಪ್ರಶ್ನೆ: ಘಟನೆ ಆದಮೇಲೆ ಕ್ಲಾಸು, ಪರೀಕ್ಷೆ ಏನಾಗುತ್ತವೆ? ಮಗ ಹೆದರಿ ಊರಿಗೆ ಬಂದರೆ ವೀಸಾ ಹೋಗುತ್ತದಾ?
– ಓದುಗರೊಬ್ಬರು, ಹಾಸನ

ಉತ್ತರ: ಸಾಮಾನ್ಯವಾಗಿ ಒಂದು ವಾರ ರಜೆ. ವರ್ಜೀನಿಯಾ ಟೆಕ್, ಮಿಷಿಗನ್ ಸ್ಟೇಟ್ ಎರಡೂ ಮುಂದಿನ ಸೋಮವಾರವೇ ಕ್ಲಾಸು ಶುರು ಮಾಡಿದವು. ಮಿಷಿಗನ್‌ನಲ್ಲಿ ಇಷ್ಟು ಬೇಗ ಯಾಕೆ ಎಂದು ವಿದ್ಯಾರ್ಥಿಗಳೇ ಸಿಟ್ಟಾದರು. ನನಗೂ ಅವರ ಮಾತೇ ಸರಿ ಅನ್ನಿಸುತ್ತದೆ. ವರ್ಜೀನಿಯಾದಲ್ಲಿ ಮಾತ್ರ ಒಂದು ಒಳ್ಳೆಯ ತೀರ್ಮಾನ ಮಾಡಿದರು. ಅಲ್ಲಿಯವರೆಗಿನ ಅಂಕಗಳ ಮೇಲೇ ಸೆಮಿಸ್ಟರ್ ಮುಗಿಸಿಕೊಳ್ಳಬಹುದು ಎಂದು ಆಯ್ಕೆ ಕೊಟ್ಟರು. ಇಂಥ ರಿಯಾಯಿತಿ ಇದ್ದರೆ ಕೇಳಿ ಪಡೆಯಲಿ, ಸಂಕೋಚ ಬೇಡ. ಕೌನ್ಸೆಲಿಂಗ್‌ಗೆ ಹೋದರೆ ಎಲ್ಲಿ ದಾಖಲೆಯಾಗುತ್ತದೋ ಎಂದು ನಮ್ಮ ಹುಡುಗರು ಹಿಂಜರಿಯುತ್ತಾರೆ. ಅದೂ ಬೇಡ.

ವೀಸಾ ವಿಷಯದಲ್ಲಿ ಮಾತ್ರ ಅವಸರ ಕೂಡದು. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಇರುವವರು ಪೂರ್ತಿ ಪ್ರಮಾಣದ ಕೋರ್ಸ್ ತೆಗೆದುಕೊಂಡಿರಬೇಕು. ತಾವಾಗಿಯೇ ಕೋರ್ಸ್ ಕೈಬಿಟ್ಟು ವಿಮಾನ ಹತ್ತಿದರೆ ತೊಂದರೆಯಾಗುತ್ತದೆ. ಆರೋಗ್ಯದ ಕಾರಣಕ್ಕೆ, ಮನಸ್ಸಿನ ಆರೋಗ್ಯವೂ ಸೇರಿ, ವೈದ್ಯರ ಪತ್ರದ ಮೇಲೆ ಕೋರ್ಸ್ ಕಡಿಮೆ ಮಾಡಿಕೊಳ್ಳಲು ಅವಕಾಶವಿದೆ. ಒಂದು ಹಂತದ ಓದಿಗೆ ಒಟ್ಟು 12 ತಿಂಗಳವರೆಗೆ ಸಿಗುತ್ತದೆ. ಮೊದಲು ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಹೋಗಿ ಒಪ್ಪಿಗೆ ಪಡೆದು, ಅಲ್ಲಿನ ಅಧಿಕಾರಿ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಅಮೆರಿಕ ಸರ್ಕಾರ ಇಡುವ ಆನ್‌ಲೈನ್ ದಾಖಲೆ) ದಾಖಲೆಯಲ್ಲಿ ನಮೂದಿಸಿದ ಮೇಲೆ ಕೋರ್ಸ್ ಬಿಡಲಿ. ಟಿಕೆಟ್ ಬುಕ್ ಮಾಡುವುದು ಅದಾದ ಮೇಲೆ.